ಮದ್ದು ಕುಡಿದ ಮರ

ಗರಗಸ ನಿಲ್ಲಿಸಿ ಎಂದು ನಾನು ಗಂಟಲು ಹರಿದುಕೊಂಡೆ. ಮರದ ಮಿಲ್ಲಿನ ಯಜಮಾನ ಶಿವರಾಮ್ ನನ್ನ ತುಟಿ ಆಡಿದ್ದನ್ನು ನೋಡಿದ. ನೋಡಿಯೇ, ಇನ್ನೊಂದು ತೊಲೆ ಹತ್ತಿಸುವಂತೆ ಮಹೇಶನಿಗೆ ಕೈಸನ್ನೆ ಮಾಡಿದ.

ಇದೇ ಗರಗಸದ ಮುಂದೆ ನಿಂತು ಮರ ಕೊಯ್ಯುತ್ತಿದ್ದ ಗುರುಸಿದ್ದ ಮೈಯಲ್ಲಿ ಪಾಷಾಣ ತುಂಬಿಕೊಂಡು ಸತ್ತಿದ್ದ. ಬೆರೆಸಿದವಳು ಹೆಂಡತಿ ತಂಗೆವ್ವನೇ ಎಂದು ನಿನ್ನೆ ಸಂಜೆ ಪೊಲೀಸರು ಅವಳನ್ನು ಜೀಪು ಹತ್ತಿಸಿದ್ದರು. ಇವತ್ತು ಹೊತ್ತು ಮುಳುಗುವುದರೊಳಗೆ ಅವಳು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕು. ಪಾಷಾಣ ಬಂದದ್ದು ಅವಳ ಕೈಯಿಂದಲ್ಲ ಎಂದು ಅಷ್ಟರೊಳಗೆ ತೋರಿಸದಿದ್ದರೆ ಅವಳ ದಾರಿ ನೇರ ಜೈಲಿಗೆ.

ಗಂಡ ಹೆಂಡತಿ ಇಬ್ಬರೂ ಇಟ್ಟಮಡುವಿನ ನಮ್ಮ ವಠಾರದವರು. ನಾನು ಕಿಟ್ಟಿ, ಟೆಂಪೊ ಓಡಿಸುತ್ತೇನೆ. ಜಯನಗರದ ಲಾಯರ್ ಚೂಡಾಮಣಿ ಮೇಡಂ ಹಿಡಿದ ಕೇಸುಗಳಿಗೆ ಜಾಡು ಹುಡುಕಿಕೊಡುವುದು ನನ್ನ ಇನ್ನೊಂದು ಕೆಲಸ. ಹೋದ ವಾರ ಪೊಲೀಸರು ತಂಗೆವ್ವನನ್ನು ವಿಚಾರಿಸತೊಡಗಿದಾಗಲೇ ಅವಳ ಕೇಸನ್ನು ಮೇಡಂ ತಾವೇ ಕೇಳಿ ತೆಗೆದುಕೊಂಡಿದ್ದರು.

ಮಿಲ್ಲಿನಲ್ಲಿ ನಿಂತವರೆಲ್ಲರ ರೆಪ್ಪೆ ಬೆಳ್ಳಗಿತ್ತು. ಮಹೇಶ ಮೂಗಿಗೆ ಒದ್ದೆ ಟವೆಲ್ ಸುತ್ತಿಕೊಂಡಿದ್ದ. ಅದೇ ಅವನ ಮಾಸ್ಕು, ಊಟವಾದ ಮೇಲೆ ಅದೇ ಕೈ ಒರೆಸುವ ಬಟ್ಟೆ. ಟವೆಲ್ ಜಾರಿದಾಗಲೆಲ್ಲ ಅವನ ಮೂಗಿನ ಹೊಳ್ಳೆಯ ಅಂಚಿನಲ್ಲಿ ಮಾಯದ ಹುಣ್ಣೊಂದು ಕಾಣುತ್ತಿತ್ತು. ಗುರುಸಿದ್ದನಿಗೂ ಅಲ್ಲೇ ಇತ್ತು.

ತೊಲೆ ಬ್ಲೇಡಿಗೆ ಹೋಯಿತು. ಅರ್ಧ ದಾರಿಗೆ ಕಬ್ಬಿಣ ಕಿರುಚಿತು.

ಹಳೇ ಮರದ ಹೊಟ್ಟೆಯಲ್ಲಿ ಏನಿದೆ ಎಂಬುದು ಕೊಯ್ಯುವವನಿಗೆ ಕಾಣುವುದಿಲ್ಲ. ಮೊಳೆ ಇರುತ್ತದೆ, ಬೋಲ್ಟು ಮುರಿದುಕೊಂಡಿರುತ್ತದೆ. ಅದಕ್ಕೇ ಮೊದಲು ಅಯಸ್ಕಾಂತ ಆಡಿಸಿ ನೋಡಬೇಕು. ಶಿವರಾಮ್‌ನ ಮಿಲ್ಲಿನಲ್ಲಿ ಅಯಸ್ಕಾಂತ ಇತ್ತು. ಆಫೀಸಿನ ಗೋಡೆಯ ಮೇಲೆ, ದೇವರ ಕ್ಯಾಲೆಂಡರನ್ನು ಹಿಡಿದುಕೊಂಡಿತ್ತು.

ಬ್ಲೇಡು ಚಕ್ರದಿಂದ ಹಾರಿ ಹಾವಿನ ಹಾಗೆ ಮೈ ತಿರುಚಿಕೊಂಡು ನೆಲಕ್ಕೆ ಬಿತ್ತು. ಕಿತ್ತ ಹಲ್ಲೊಂದು ನನ್ನ ಕಿವಿಯ ಪಕ್ಕದಲ್ಲಿ ಹೋಗಿ ತಗಡಿಗೆ ಬಡಿಯಿತು. ಮಹೇಶ ಕುಕ್ಕರಗಾಲಲ್ಲಿ ಕೂತುಬಿಟ್ಟ. ಮೋಟರು ನಿಂತಿತು.

ಈಗ ನನ್ನ ಮಾತು ಎಲ್ಲರಿಗೂ ಕೇಳುವ ಹಾಗಿತ್ತು.

ಅರ್ಧ ಕೊಯ್ದ ತೊಲೆಯ ಮೇಲೆ ಕೈ ಇಟ್ಟೆ. ತೆಳು ಬಣ್ಣದ ಮರ, ಅದಕ್ಕೊಂದು ಹಸಿರು ಛಾಯೆ. ಮೈಮೇಲೆಲ್ಲ ಸಾಲುಸಾಲಾಗಿ ಚಾಕುವಿನ ಮೊನೆ ಚುಚ್ಚಿದಂಥ ಗಾಯ. ಇದು ಎಲ್ಲಿಯ ಮರ ಎಂದು ಕೇಳಿದೆ.

"ಹಳೇ ಮನೆ ಮರ," ಎಂದ ಶಿವರಾಮ್. ಅವನ ಬಿಳಿ ಶರ್ಟು ಮಿಲ್ಲಿಗೆ ಬರುವ ಶರ್ಟಲ್ಲ, ಮಿಲ್ಲಿನ ಆಫೀಸಿಗೆ ಬರುವ ಶರ್ಟು. "ಬಸವನಗುಡಿಲಿ ಮನೆ ಕೆಡವಿದ್ರು. ಅಲ್ಲಿಂದ ತಗೊಂಡ್ ಬಂದೆ."

"ಬಸವನಗುಡಿ ಮನೆ ತೊಲೆಗೆ ಹಸಿರು ಎಲ್ಲಿಂದ ಬಂತಣ್ಣ?"

"ಪಾಚಿ."

"ಪಾಚಿ ಒಳಗಡೇನೂ ಬೆಳೆಯುತ್ತಾ?"

ಕೊಯ್ದ ಮುಖವನ್ನು ಅವನ ಕಡೆ ತಿರುಗಿಸಿದೆ. ಹಸಿರು ಒಂದು ಬೆರಳಿನಷ್ಟು ಆಳಕ್ಕೆ ಇಳಿದಿತ್ತು. ಸುತ್ತ ನಿಂತವರು ನೆಲ ನೋಡತೊಡಗಿದರು. ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿರಲು ಅವರಿಗೆ ಕಾರಣವಿತ್ತು, ನನಗೆ ಇರಲಿಲ್ಲ.

ಮುಚ್ಚಿಹೋದ ಯಾವುದೋ ಕಾರ್ಖಾನೆಯ ನೀರು ತಣಿಸುವ ಗೋಪುರದ ಮರ ಇದು ಎಂದೆ. ವರ್ಷಾನುಗಟ್ಟಲೆ ನೀರಲ್ಲಿ ನೆನೆದರೂ ಹುಳ ಹಿಡಿಯದ ಹಾಗೆ, ಒತ್ತಡ ಹಾಕಿ ಮದ್ದು ಕುಡಿಸಿರುತ್ತಾರೆ ಎಂದೆ. ಚುಚ್ಚಿದ ಗಾಯ ಮದ್ದು ಒಳಗಿಳಿಯಲಿ ಎಂದೇ ಮಾಡಿದ್ದು. ಹೋದ ವಾರ ಗುರುಸಿದ್ದನ ಬಾಗಿಲಲ್ಲಿ ಬಿದ್ದಿದ್ದ ಒಂದು ಚೂರನ್ನು ಮೇಡಂ ಲ್ಯಾಬಿಗೆ ಕಳಿಸಿದ್ದರು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಎಂಬ ಪಾಷಾಣ: ಮೂರೂ ಸಿಕ್ಕಿದ್ದವು. ಇಂಥ ಮರವನ್ನು ಎಲ್ಲಿ ಬಳಸುತ್ತಾರೆ ಎಂದು ಹೇಳಿದವರೂ ಲ್ಯಾಬಿನವರೇ.

ಶಿವರಾಮ್ ನನ್ನನ್ನು ತಳ್ಳಲಿಲ್ಲ, ಬೈಯಲಿಲ್ಲ. ನಕ್ಕ. ನನಗೆ ಮೈ ಉರಿದದ್ದು ಆ ನಗುವಿಗೆ.

"ಸರಿ ಗುರು. ಮದ್ದು ಹಾಕಿದ ಮರಾನೇ. ಈ ಲೈನಲ್ಲಿ ಯಾರು ಕೊಯ್ಯಲ್ಲ ಹೇಳು. ನಾನು ದಿನಾ ಇದೇ ಧೂಳಲ್ಲಿ ಕೂತಿರ್ತೀನಿ. ಮಹೇಶ ಇಲ್ಲೇ ಇದ್ದಾನೆ. ನಾವ್ಯಾರೂ ಸತ್ತಿಲ್ಲ. ಅವನೊಬ್ಬನೇ ಯಾಕೆ ಸತ್ತ? ಅದಕ್ಕೆ ಉತ್ತರ ತಗೊಂಡ್ ಬಾ, ನಾನೇ ಬಾಗಿಲು ಹಾಕ್ಕೊಂಡು ಹೋಗ್ತೀನಿ."

ಗುರುಸಿದ್ದನ ಹೆಣ ಊರಿಗೆ ಹೋಗಲು ಆಂಬುಲೆನ್ಸ್ ಮಾಡಿಸಿಕೊಟ್ಟವನು ತಾನು, ವಠಾರದವರು ಯಾರೂ ಅಲ್ಲ ಎಂಬುದನ್ನೂ ಎಲ್ಲರಿಗೆ ಕೇಳುವ ಹಾಗೆ ನೆನಪಿಸಿದ.

"ಮಹೇಶನ ಮೂಗು ನೋಡಿದ್ದೀರಾ?" ಎಂದೆ.

"ನೆಗಡಿ," ಎಂದ ಶಿವರಾಮ್.

ಮಹೇಶ ಟವೆಲ್ ಮೇಲಕ್ಕೆ ಎಳೆದುಕೊಂಡ.

ಹೊರಡುವಾಗ ಹಿಂಬದಿಯ ದಾರಿ ಹಿಡಿದೆ. ಅಲ್ಲಿ ಮರ ಒಣಗಿಸುವ ಕೋಣೆ, ಅದರ ಕೆಳಗೆ ದೊಡ್ಡ ಒಲೆ. ಕೊಯ್ದು ಉಳಿದ ತುಂಡೆಲ್ಲ ಅದರ ಬಾಯಿಗೆ. ಒಲೆಯ ಪಕ್ಕದಲ್ಲಿ ಒಂದು ಜರಡಿ ಇತ್ತು, ಜರಡಿಯ ಕೆಳಗೆ ಬೂದಿಯ ಗುಡ್ಡೆ, ಗೋಡೆಗೆ ಒರಗಿಸಿಟ್ಟ ಹೊಸ ಬಟ್ಟೆಯ ಚೀಲಗಳು. ಚೀಲದ ಮೇಲೆ ಚಿತ್ರವೊಂದು ಅಚ್ಚಾಗಿತ್ತು: ಒಂದು ಮಡಕೆ, ಮಡಕೆಯಿಂದ ಮೇಲೆದ್ದ ಒಂದು ಎಲೆ.

ಬೂದಿಯನ್ನು ಯಾರಾದರೂ ಜರಡಿ ಹಿಡಿಯುತ್ತಾರಾ ಎಂದು ಅಲ್ಲಿದ್ದವನನ್ನು ಕೇಳಿದೆ. ತೋಟಕ್ಕೆ ಒಯ್ಯುತ್ತಾರೆ ಅಣ್ಣ ಎಂದು ಅವನು ಬೇರೆ ಕಡೆ ನೋಡಿದ. ನಾನೂ ಹೆಚ್ಚು ಕೆದಕಲಿಲ್ಲ. ತಲೆಯಲ್ಲಿ ಒಂದೇ ಮಾತು ಕುಟ್ಟುತ್ತಿತ್ತು. ಅವನೊಬ್ಬನೇ ಯಾಕೆ?

*

ಚೂಡಾಮಣಿ ಮೇಡಂ ಕೂಡ ಅದೇ ಪ್ರಶ್ನೆ ಕೇಳಿದರು. ಇಬ್ಬರ ಬಾಯಲ್ಲೂ ಅದು ಬಂದದ್ದಕ್ಕೆ ನನಗೆ ಇನ್ನೂ ಸಿಟ್ಟು ಬಂತು.

ಅವರ ಮನೆ ಜಯನಗರದ ಮರಗಳ ಸಾಲಿನ ರಸ್ತೆಯಲ್ಲಿ. ಮುಂದಿನ ಕೋಣೆಯೇ ಆಫೀಸು. ಎಪ್ಪತ್ತು ದಾಟಿದ ಮೇಲೂ ಕೋರ್ಟಿಗೆ ಹೋಗುವುದನ್ನು ಬಿಟ್ಟಿಲ್ಲ. ಜಡ್ಜ್‌ಗಳೇ ಅವರಿಗೆ ಕುರ್ಚಿ ಹಾಕಿಸುತ್ತಾರೆ, ಅವರು ಕೂರುವುದಿಲ್ಲ.

ಒಳಗಿಂದ ಮೊಮ್ಮಗಳು ಸಂಹಿತಾ ಹೊರಗೆ ಬಂದಳು. ಜೆಪಿ ನಗರದಲ್ಲಿ ಆರ್ಗಾನಿಕ್ ಅಂಗಡಿ ಇಟ್ಟುಕೊಂಡಿದ್ದಾಳೆ. ಅಜ್ಜಿಯ ಮನೆಯಿಂದ ಕೆಮಿಕಲ್ಲನ್ನೆಲ್ಲ ಓಡಿಸಿದವಳು ಅವಳೇ. ಸೋಪು, ಪೇಸ್ಟು, ನೆಲ ಒರೆಸುವ ನೀಲಿ ನೀರು, ಯಾವುದನ್ನೂ ಬಿಟ್ಟಿರಲಿಲ್ಲ. ಒಮ್ಮೆ ನನ್ನ ಜೇಬಿನ ಚೂಯಿಂಗ್ ಗಮ್ಮನ್ನೂ ಕಿತ್ತುಕೊಂಡು ಬದಲಿಗೆ ಶುಂಠಿ ಕೊಟ್ಟಿದ್ದಳು. ಒಳ್ಳೆಯ ಹುಡುಗಿ. ತಂಗೆವ್ವನಿಗೆ ಬೇಲ್ ಸಿಗುತ್ತದಲ್ಲವೇ ಎಂದು ಕೇಳಿದಳು, ಸಿಗುತ್ತದೆ ಎಂದೆ, ಮಧ್ಯಾಹ್ನ ಮತ್ತೆ ಬರುತ್ತೇನೆಂದು ಸ್ಕೂಟಿ ಹತ್ತಿ ಹೋದಳು.

ಮೇಡಂ ಕಾಫಿ ಲೋಟ ತೆಗೆದುಕೊಳ್ಳಹೋದರು. ಲೋಟ ಬೆರಳ ಸಂದಿಯಿಂದ ಜಾರಿ ಫೈಲಿನ ಮೇಲೆ ಮಗುಚಿಕೊಂಡಿತು. ನಾನು ಬಟ್ಟೆ ತಂದು ಒರೆಸಿದೆ. ಹೋದ ತಿಂಗಳೂ ಎರಡು ಲೋಟ ಹೀಗೇ ಹೋಗಿದ್ದವು.

"ಬೆರಳು ಜೋಮು ಹಿಡಿಯುತ್ತೆ ಕಣೋ. ಶುಗರ್ ಇರಬೇಕು, ಇಲ್ಲಾ ವಯಸ್ಸು. ನೀನು ಮಾತಾಡು."

ನಾನು ಮಿಲ್ಲಿನದೆಲ್ಲ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ಪೊಲೀಸರ ಪರವಾಗಿ ತಾವೇ ವಾದಕ್ಕೆ ನಿಂತರು. ಅದು ಅವರ ಅಭ್ಯಾಸ. ಗುರುಸಿದ್ದನ ಉಗುರಿನ ಮೇಲೆ ಅಡ್ಡಡ್ಡ ಬಿಳಿ ಗೆರೆಗಳಿದ್ದವು ಎಂದು ಆಸ್ಪತ್ರೆಯ ಡಾಕ್ಟರು ಬರೆದಿದ್ದರು. ಪಾಷಾಣ ಒಂದೇ ಸಲಕ್ಕಲ್ಲ, ಚೂರುಚೂರಾಗಿ ಮೈಗೆ ಸೇರಿದರೆ ಉಗುರು ಹಾಗೆ ಗೆರೆ ಬರೆಯುತ್ತದಂತೆ.

"ದಿನಾ ದಿನಾ ಅವನ ಬಾಯಿಗೆ ಹಾಕಿದೋರು ಯಾರು ಅಂತಾರೆ. ದಿನಾ ಊಟ ಬಡಿಸಿದೋಳು ಅವಳು. ಒಂದೇ ಕೋಣೆ, ಒಂದೇ ಅಡುಗೆ, ಅವನು ಸತ್ತ, ಅವಳು ಗುಂಡುಕಲ್ಲಿನ ಹಾಗಿದ್ದಾಳೆ. ಊರಿಗೆ ವಾಪಸ್ ಹೋಗೋ ವಿಚಾರಕ್ಕೆ ಇಬ್ಬರೂ ಜಗಳ ಆಡಿದ್ದನ್ನ ನಿಮ್ಮ ವಠಾರದೋರೇ ಹೇಳಿಕೆ ಕೊಟ್ಟಿದ್ದಾರೆ. ಧೂಳು ಮರ ಎಲ್ಲ ಆಮೇಲೆ ಕಿಟ್ಟಿ. ಅವನೊಬ್ಬನೇ ಯಾಕೆ?"

"ಮಿಲ್ಲು ಅವನನ್ನ ಕೊಂದಿದೆ ಮೇಡಂ."

"ನನಗೆ ಹೇಳಬೇಡ. ಜಡ್ಜ್‌ಗೆ ಹೇಳೋ ಹಾಗೆ ತಂದುಕೊಡು."

*

ಸ್ಟೇಷನ್ನಿನಲ್ಲಿ ತಂಗೆವ್ವ ಬೆಂಚಿನ ಮೇಲೆ ಕೂತಿರಲಿಲ್ಲ, ನಿಂತಿದ್ದಳು. ಕೂರು ಎಂದರೂ ಕೂರುತ್ತಿಲ್ಲ ಎಂದು ಮಹಿಳಾ ಪೇದೆ ದೂರು ಹೇಳಿದಳು. ನಾನು ತಂದ ಚಿತ್ರಾನ್ನದ ಪೊಟ್ಟಣ ಬಿಚ್ಚಿ, ತಂಗೆವ್ವ ಮೊದಲು ಆ ಪೇದೆಗೇ ತಿನ್ನಿ ಎಂದು ಚಾಚಿದಳು. ವಿಷ ಏನಿಲ್ಲ ತಗೋಳ್ರಿ ಎಂದಳು. ಪೇದೆ ತೆಗೆದುಕೊಳ್ಳಲಿಲ್ಲ.

ಮೇಡಂ ಕೊಟ್ಟ ವಕಾಲತ್ತಿನ ಕಾಗದಕ್ಕೆ ಸಹಿ ಬೇಕಿತ್ತು. ಪೆನ್ನು ಹಿಡಿಯುವ ಮೊದಲು ನನ್ನ ಮುಖ ನೋಡಿದಳು.

"ಇದು ನಿನ್ನ ಕಾಗದ ಅಂತ ಸಹಿ ಮಾಡ್ತೇನಿ ತಮ್ಮಾ. ಇವರ ಕಾಗದಕ್ಕ ಮಾಡಂಗಿಲ್ಲ. ಒಪ್ಕೊ, ಹಗೂರ ಆಕ್ಕೈತಿ ಅಂತ ರಾತ್ರಿ ಹಿಡದು ಹೇಳಾಕತ್ಯಾರ. ಕೈ ಹಿಡದು ಹೆಬ್ಬಟ್ಟ ಒತ್ತಸ್ತೀರಿ? ಒತ್ತಸ್ರಿ. ಹೆಬ್ಬಟ್ಟ ಮುರದ್ರೂ ನಾ ಒಪ್ಪಂಗಿಲ್ಲ."

ಮೇಜಿನ ಹಿಂದಿದ್ದ ಸಬ್ ಇನ್ಸ್‌ಪೆಕ್ಟರ್ ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದ. ಇವರು ತಂಗೆವ್ವನ ಕೋಣೆಯ ಉಪ್ಪು, ಬೆಲ್ಲ, ಚಹಾಪುಡಿ, ಜೋಳದ ಹಿಟ್ಟು ಎಲ್ಲವನ್ನೂ ಕಟ್ಟಿಕೊಂಡು ಹೋಗಿದ್ದರು. ಇಲಿ ಪಾಷಾಣದ ಒಂದು ಹಳೇ ಪೊಟ್ಟಣ ಸಿಕ್ಕಿದ್ದಕ್ಕೆ ಹಬ್ಬ ಮಾಡಿದ್ದರು. ಆ ಪೊಟ್ಟಣ ವಠಾರದ ಎಲ್ಲ ಮನೆಯಲ್ಲೂ ಇದೆ. ನನ್ನ ಕೋಣೆಯಲ್ಲೂ ಇದೆ. ನನ್ನನ್ನು ಯಾರೂ ಹಿಡಿಯಲಿಲ್ಲ, ಏಕೆಂದರೆ ನನಗೆ ಹೆಂಡತಿಯಾಗಲಿ ಗಂಡನಾಗಲಿ ಇಲ್ಲ.

ತಂಗೆವ್ವನಿಗೆ ಒಂದೇ ಪ್ರಶ್ನೆ ಕೇಳಿದೆ. ಗುರುಸಿದ್ದಣ್ಣ ಬಾಯಿಗೆ ಹಾಕಿಕೊಂಡದ್ದು, ಅವಳು ಹಾಕಿಕೊಳ್ಳದೆ ಇದ್ದದ್ದು, ಏನಾದರೂ ಇತ್ತೇ?

ಇಲ್ಲ ಎಂದಳು. ತಂಬಾಕು ಇಲ್ಲ, ಕುಡಿತ ಇಲ್ಲ. ಒಂದೇ ತಟ್ಟೆಯಲ್ಲಿ ಇಬ್ಬರೂ ಉಣ್ಣುತ್ತಿದ್ದರು. ಮಿಲ್ಲಿನಲ್ಲಿ ಚಹಾ ಕುಡಿಯುತ್ತಿದ್ದನೇ ಎಂದರೆ ಮಿಲ್ಲಿನವರೆಲ್ಲ ಕುಡಿಯುತ್ತಿದ್ದರು. ನಾನು ಕೈಚೆಲ್ಲಿ ಎದ್ದೆ. ಬಾಗಿಲ ತನಕ ಹೋಗಿದ್ದೆ.

"ಹಲ್ಲ ತಿಕ್ಕೂದೊಂದ ಬ್ಯಾರೆ," ಎಂದಳು ಹಿಂದಿನಿಂದ.

ನಾನು ತಿರುಗಿದೆ.

"ನಾ ಪೇಸ್ಟ್ ಹಾಕ್ಕೊಂತೇನಿ. ಅಂವಗ ಸೇರಂಗಿಲ್ಲ. ಪೇಸ್ಟ್ ಅಂದ್ರ ಸಣ್ಣ ಹುಡುಗರ ಮಿಠಾಯಿ ಅಂತಿದ್ದ. ಊರಾಗ ಜಾಲಿ ಕಟಿಗಿ ಬೂದಿಲೆ ತಿಕ್ಕಾಂವ, ಇಲ್ಲೂ ಬೂದಿನ."

"ಇಲ್ಲಿ ಯಾವ ಬೂದಿ ಅಕ್ಕಾ?"

"ಯಾವ ಬೂದಿ ಅಂದ್ರ? ನೀರಿನ ಒಲಿ ಬೂದಿ. ಮಿಲ್ಲಿಂದ ಚೂರು ತರ್ತಿದ್ದಿಲ್ಲೇನು ಉರಿಗೆ." ಅವಳ ದನಿ ಅಲ್ಲಿ ಸಣ್ಣಗಾಯಿತು. "ಬಾಯಾಗ ಹುಣ್ಣ ಆದಮ್ಯಾಲ ಎರಡೂ ಹೊತ್ತು ತಿಕ್ಕಾಕ ಹತ್ತಿದ್ದ. ಬೂದಿ ಹುಣ್ಣ ಮಾಯಸ್ತೈತಿ ಅಂತ."

ಅವಳ ಕೈಯ ಪೊಟ್ಟಣ ನಿಧಾನವಾಗಿ ಬೆಂಚಿನ ಮೇಲೆ ಇಳಿಯಿತು. ನನಗೆ ತಿಳಿದದ್ದು ಅವಳಿಗೂ ಅದೇ ಹೊತ್ತಿಗೆ ತಿಳಿದಿರಬೇಕು. ಅಳಲಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದಳು.

"ಹೋಗಿ ತಗೊಂಡ ಬಾ," ಎಂದಳು.

*

ವಠಾರದ ಹಿಂದೆ ಎಲ್ಲರಿಗೂ ಸೇರಿದ ಒಂದೇ ನಲ್ಲಿ, ಒಂದೇ ಹಂಡೆ ಒಲೆ. ಬೆಳಿಗ್ಗೆ ಎದ್ದು ಅದಕ್ಕೆ ಉರಿ ಹಾಕುತ್ತಿದ್ದವನು ಗುರುಸಿದ್ದ. ಅವನ ಉರಿಯಲ್ಲಿ ಕಾದ ನೀರನ್ನೇ ನಾವೆಲ್ಲ ಸ್ನಾನಕ್ಕೆ ಹೊತ್ತದ್ದು. ಆ ಹೊಗೆಗೆ ಕಣ್ಣು ಉರಿದರೆ ಹಸಿ ಸೌದೆ ತಂದಿದ್ದಾನೆ ಎಂದು ಅವನನ್ನೇ ಬೈಯುತ್ತಿದ್ದೆವು.

ಮರ ಮದ್ದು ಕುಡಿದಿತ್ತು. ಮರ ಉರಿದು ಹೋದರೂ ಮದ್ದು ಉರಿಯುವುದಿಲ್ಲ. ಒಂದಿಷ್ಟು ಹೊಗೆಯಾಗುತ್ತದೆ, ಉಳಿದದ್ದೆಲ್ಲ ಹಿಡಿ ಬೂದಿಯಲ್ಲಿ ಕೂತಿರುತ್ತದೆ. ಊರಿನ ಜಾಲಿಯ ಬೂದಿ ಅವನ ಅಪ್ಪ ಅಜ್ಜಂದಿರ ಹಲ್ಲನ್ನು ಕಾಪಾಡಿತ್ತು. ಅದೇ ನಂಬಿಕೆಯಲ್ಲಿ ಅವನು ಬೆಂಗಳೂರಿನ ಬೂದಿಗೂ ಬಾಯಿ ತೆರೆದ.

ನಲ್ಲಿಯ ಕಟ್ಟೆಯ ಮೂಲೆಯಲ್ಲಿ ಅರ್ಧ ತೆಂಗಿನ ಚಿಪ್ಪು ಇತ್ತು. ಅದರಲ್ಲಿ ಬೂದಿ, ನಾಲ್ಕು ಹರಳು ಉಪ್ಪು. ಪೊಲೀಸರು ಅದರ ಪಕ್ಕದಲ್ಲೇ ನಿಂತು ಕೈ ತೊಳೆದುಕೊಂಡು ಹೋಗಿದ್ದರು. ಕೋಣೆಯೊಳಗಿನ ಡಬ್ಬಿಗಳನ್ನೆಲ್ಲ ಹೊತ್ತವರು ಇದನ್ನು ಕಸ ಎಂದುಕೊಂಡಿದ್ದರು. ನಾನೂ ಅಷ್ಟೇ. ದಿನಾ ಅದರ ಪಕ್ಕದಲ್ಲಿ ಉಗುಳಿದವನು ನಾನು.

ಬಿಸಿಲಿಗೆ ಹಿಡಿದು ನೋಡಿದೆ. ಬೂದಿ ಬೂದಿಬಣ್ಣಕ್ಕಿರಲಿಲ್ಲ. ಹಸಿರು ಕಂಡೂ ಕಾಣದ ಹಾಗೆ ಬೆರೆತಿತ್ತು.

ನೆರೆಯ ಭಾಗ್ಯಜ್ಯೋತಿ ಅಕ್ಕನನ್ನು ಕರೆದು, ಅವರ ಕಣ್ಣೆದುರೇ ಚಿಪ್ಪನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಫೋನಿನಲ್ಲಿ ವಿಡಿಯೋ ಹಿಡಿದೆ. ಜಗಳದ ಹೇಳಿಕೆ ಕೊಟ್ಟವರು ಅವರೇ. ಗುರುಸಿದ್ದ ಬೂದಿಯಲ್ಲಿ ಹಲ್ಲುಜ್ಜುತ್ತಿದ್ದುದನ್ನೂ ನೋಡಿದ್ದೀರಲ್ಲ, ಅದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಯಾರೂ ಕೇಳಲಿಲ್ಲವಲ್ಲಪ್ಪ ಎಂದರು. ಮತ್ತೆ ಹೇಳಿಕೆ ಕೊಡುತ್ತೀರಾ ಎಂದೆ. ಮಧ್ಯಾಹ್ನದ ಅಡುಗೆ ಅರ್ಧಕ್ಕೆ ಬಿಟ್ಟು ಚಪ್ಪಲಿ ಹಾಕಿಕೊಂಡು ಸ್ಟೇಷನ್ ಕಡೆ ನಡೆದರು. ಆ ನಡಿಗೆ ನೋಡಿ, ನಾನು ಅವರ ಮೇಲೆ ಇಟ್ಟುಕೊಂಡಿದ್ದ ಸಿಟ್ಟಿನಲ್ಲಿ ಅರ್ಧ ಇಳಿಯಿತು.

*

ಮೇಡಂ ಕವರನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಭೇಷ್ ಎಂದರು. ಆಮೇಲೆ ಮತ್ತೆ ಪೊಲೀಸರಾದರು.

"ಬೂದಿಗೆ ಪಾಷಾಣ ಬೆರೆಸಿದೋಳೂ ಅವಳೇ ಅಂತಾರೆ. ಅವನು ಬೂದಿಯಲ್ಲಿ ಹಲ್ಲುಜ್ಜುತ್ತಾನೆ ಅಂತ ಹೆಂಡತಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ನಾನು ಮೇಜು ಗುದ್ದಿದೆ. ಹಾಗೆ ಮಾಡಿದ್ದು ಅವರ ಮನೆಯಲ್ಲಿ ಅದೇ ಮೊದಲು. ಅವರು ಬೈಯಲಿಲ್ಲ.

"ಮಿಲ್ಲಿನ ಒಲೆಯಿಂದಲೂ ಬೂದಿ ತಂದು ಕೊಡ್ತೀನಿ ಮೇಡಂ. ಎರಡನ್ನೂ ಲ್ಯಾಬಿಗೆ ಹಾಕಿ."

"ಅದರಿಂದ ಬೂದಿ ಕೆಟ್ಟದ್ದು ಅಂತ ಗೊತ್ತಾಗುತ್ತೆ. ಅವಳು ಒಳ್ಳೆಯವಳು ಅಂತ ಗೊತ್ತಾಗಲ್ಲ. ನನಗೆ ಇನ್ನೊಬ್ಬ ಮನುಷ್ಯ ಬೇಕು ಕಿಟ್ಟಿ. ಅದೇ ಬೂದಿ ಬಾಯಿಗೆ ಹಾಕಿಕೊಂಡೋನು, ಅದೇ ಥರ ಕಾಯಿಲೆ ಬಿದ್ದೋನು, ತಂಗೆವ್ವನ ಮುಖಾನೇ ನೋಡದೆ ಇರೋನು. ಅಂಥವನೊಬ್ಬ ಸಿಕ್ಕಿದರೆ ಇವತ್ತೇ ಅವಳನ್ನ ಮನೆಗೆ ಕರೆದುಕೊಂಡು ಬರ್ತೀನಿ."

ಅಂಥವನನ್ನು ಈ ಊರಲ್ಲಿ ಎಲ್ಲಿ ಹುಡುಕಲಿ? ಬೂದಿಯಲ್ಲಿ ಹಲ್ಲುಜ್ಜುವವರು ಈಗ ಯಾರಿದ್ದಾರೆ?

ಚಿಪ್ಪು ಹಿಡಿದ ಕೈಯಲ್ಲೇ ಇಷ್ಟು ಹೊತ್ತು ಇದ್ದೆ. ಮೊದಲು ಕೈ ತೊಳೆ ಎಂದು ಮೇಡಂ ಗದರಿಸಿದರು. ಊಟದ ಕೋಣೆಯ ಮೂಲೆಯ ವಾಷ್ ಬೇಸಿನ್ನಿಗೆ ಹೋಗಿ ನಲ್ಲಿ ತಿರುಗಿಸಿದೆ.

ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಒಂದು ಬ್ರಷ್ಷು, ಒಂದು ಗಾಜಿನ ಡಬ್ಬಿ. ಡಬ್ಬಿಗೆ ಮರದ ಬಿರಡೆ, ಕಂದು ಕಾಗದದ ಲೇಬಲ್ಲು. ಲೇಬಲ್ಲಿನ ಮೇಲೆ ಒಂದು ಮಡಕೆ. ಮಡಕೆಯಿಂದ ಮೇಲೆದ್ದ ಒಂದು ಎಲೆ.

ನೀರು ಕೈಮೇಲೆ ಹರಿಯುತ್ತಲೇ ಇತ್ತು.

ಚಿತ್ರದ ಕೆಳಗೆ ದುಂಡು ಅಕ್ಷರದಲ್ಲಿ ಬರೆದಿತ್ತು: ಅಜ್ಜಿ ಕಾಲದ ಹಲ್ಲುಪುಡಿ. ಶುದ್ಧ ಮರದ ಬೂದಿ, ಲವಂಗ, ಸೈಂಧವ ಉಪ್ಪು. ಕೆಮಿಕಲ್ ಇಲ್ಲ.

ಬಿರಡೆ ತೆಗೆದೆ. ಮೂಗಿಗೆ ಲವಂಗ ಬಂತು. ಕಣ್ಣಿಗೆ ಹಸಿರು ಬಂತು.

"ಮೇಡಂ, ಇದನ್ನ ಯಾವಾಗಿಂದ ಹಾಕ್ತಿದ್ದೀರಿ?"

"ಯುಗಾದಿಯಿಂದ. ಸಂಹಿತಾನೇ ಮಾಡೋದು, ನನ್ನನ್ನ ನೋಡೇ ಆ ಹೆಸರಿಟ್ಟಳಂತೆ. ಯಾಕೋ?"

ಅವರು ಎದ್ದು ಬಂದು ಬಾಗಿಲ ಚೌಕಟ್ಟಿಗೆ ಕೈ ಊರಿ ನಿಂತರು. ಆ ಕೈ ತೋರಿಸಿದ ಕಾಗದಗಳನ್ನೆಲ್ಲ ಇಷ್ಟು ವರ್ಷ ನೋಡಿದ್ದೆ. ಕೈಯನ್ನು ನೋಡಿರಲಿಲ್ಲ. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ, ಪ್ರತಿ ಉಗುರಿನ ಮೇಲೂ, ಸೀಮೆಸುಣ್ಣದಲ್ಲಿ ಎಳೆದ ಹಾಗೆ ಅಡ್ಡ ಬಿಳಿ ಗೆರೆ.

ಡಬ್ಬಿಯ ಮಡಕೆಯನ್ನು ತೋರಿಸಿ, ಮಿಲ್ಲಿನ ಒಲೆಯ ಪಕ್ಕದ ಹೊಸ ಚೀಲಗಳ ಮೇಲೆ ಇದೇ ಚಿತ್ರ ಕಂಡೆ ಎಂದೆ. ಅವರ ಕೈಯ ಕಡೆ ನೋಡಿದೆ. ಅವರೂ ನೋಡಿಕೊಂಡರು. ಒಂದೊಂದೇ ಬೆರಳು ಮಡಚಿ, ಬಿಚ್ಚಿ ನೋಡಿದರು. ಜೋಮು ಹಿಡಿದ ಬೆರಳು, ಬಿದ್ದ ಲೋಟ, ವಯಸ್ಸು ಎಂದು ತಳ್ಳಿಹಾಕಿದ್ದೆಲ್ಲ ಅವರ ಮುಖದ ಮೇಲೆ ಹಾದುಹೋಯಿತು. ಆಮೇಲೆ ಬೇರೆ ಏನೋ ಬಂತು. ಅದಕ್ಕೆ ಹೆಸರು ಸಂಹಿತಾ.

ಬೇಕಾಗಿದ್ದ ಇನ್ನೊಬ್ಬ ಮನುಷ್ಯ ಸಿಕ್ಕಿದ್ದರು. ತಂಗೆವ್ವನ ಮುಖವನ್ನೇ ನೋಡದವರು. ಆದರೆ ಅವರು ಜಡ್ಜ್ ಮುಂದೆ ಆ ಕೈ ಚಾಚಿದರೆ ಮೊದಲು ಕೇಳುವುದು, ಈ ಪುಡಿ ಮಾಡಿದವರು ಯಾರು ಎಂದು.

"ಆ ಡಬ್ಬಿ ಇಲ್ಲಿ ಕೊಡು ಕಿಟ್ಟಿ," ಎಂದು ಮೇಡಂ ಕೈ ಚಾಚಿದರು.

ನಲ್ಲಿ ಇನ್ನೂ ಹರಿಯುತ್ತಿತ್ತು. ಅವರಿಗೂ ಬೇಸಿನ್ನಿಗೂ ಒಂದು ಮಾರು ದೂರ. ಅವರ ದನಿಯಲ್ಲಿ ಲಾಯರ್ ಇರಲಿಲ್ಲ, ಅಜ್ಜಿ ಇದ್ದರು. ಇಷ್ಟು ವರ್ಷದಲ್ಲಿ ಅವರು ಕೇಳಿದ ಯಾವುದನ್ನೂ ನಾನು ಇಲ್ಲ ಎಂದಿರಲಿಲ್ಲ.

"ಕೊಡಲ್ಲ ಮೇಡಂ."

"ಕಿಟ್ಟಿ."

"ತಂಗೆವ್ವಕ್ಕ ಅಲ್ಲಿ ನಿಂತಿದ್ದಾಳೆ. ಕೂತಿಲ್ಲ, ನಿಂತಿದ್ದಾಳೆ. ನೀವು ನನ್ನನ್ನ ಕೆಲಸದಿಂದ ತೆಗೀರಿ, ಕಳ್ಳ ಅಂತ ಕಂಪ್ಲೇಂಟ್ ಕೊಡಿ. ಇದನ್ನ ನಾನು ಕೊಡಲ್ಲ."

ಗೇಟಿನ ಬಳಿ ಸ್ಕೂಟಿ ನಿಂತಿತು. ಅಜ್ಜೀ ಎನ್ನುತ್ತಾ ಸಂಹಿತಾ ಒಳಗೆ ಬಂದಳು. ನನ್ನ ಕೈಯಲ್ಲಿದ್ದ ಡಬ್ಬಿ ನೋಡಿ ಮುಖ ಅರಳಿತು. ನೀವೂ ಶುರು ಮಾಡಿದ್ರಾ ಕಿಟ್ಟಿ ಅಣ್ಣ, ನಾನೂ ಅದನ್ನೇ ಹಾಕೋದು ಎಂದಳು. ನೀರು ಪೋಲು ಮಾಡುತ್ತಿದ್ದೀರಲ್ಲ ಎಂದು ನನ್ನನ್ನು ಸರಿಸಿ ನಲ್ಲಿ ನಿಲ್ಲಿಸಲು ಕೈ ಚಾಚಿದಳು.

ಬಣ್ಣ ಹಚ್ಚದ ಉಗುರುಗಳು. ಹರಿಯುವ ನೀರಿನ ಕೆಳಗೆ, ಒಂದೊಂದರ ಮೇಲೂ ತೆಳ್ಳಗೆ, ಬಿಳಿ ಗೆರೆ.

ನಾನು ನೋಡಿದೆ. ಮೇಡಂ ನೋಡಿದರು. ನನ್ನ ಕಡೆ ಚಾಚಿದ್ದ ಅವರ ಕೈ ಹೋಗಿ ಮೊಮ್ಮಗಳ ಮಣಿಕಟ್ಟನ್ನು ಹಿಡಿಯಿತು.

"ಈ ಬೂದಿ ಎಲ್ಲಿಂದ ತರ್ತೀಯ ಮಗಳೇ?"

ಹಲಸಿನ ಮರದ ಬೂದಿ ಅಜ್ಜಿ, ಒಬ್ಬರು ಅಂಕಲ್ ಕೊಡುತ್ತಾರೆ ಎಂದು ಅವಳು ಹೇಳುತ್ತಿದ್ದಾಗಲೇ ಅವಳ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಹೆಸರು ಕಾಣುತ್ತಿತ್ತು: ಬೂದಿ ಶಿವರಾಮ್ ಅಂಕಲ್.

ಸಂಹಿತಾ ನಗುತ್ತಾ ಕರೆ ಕತ್ತರಿಸಹೋದಳು. ಮೇಡಂ ಅವಳ ಮಣಿಕಟ್ಟು ಬಿಡಲಿಲ್ಲ. ನೆಟ್ಟಗೆ ನಿಂತಿದ್ದರು, ಕೋರ್ಟಿನಲ್ಲಿ ಕುರ್ಚಿ ಬೇಡ ಎಂದು ನಿಲ್ಲುವ ಹಾಗೆ.

"ಎತ್ತು. ಸ್ಪೀಕರಿಗೆ ಹಾಕು. ನಾವಿಲ್ಲಿದ್ದೀವಿ ಅಂತ ಹೇಳಬೇಡ. ಕಿಟ್ಟಿ, ನಿನ್ನ ಫೋನು ತೆಗಿ."

ನಾನು ರೆಕಾರ್ಡಿಗೆ ಹಾಕಿ ಹತ್ತಿರ ಹಿಡಿದೆ. ಸಂಹಿತಾ ನಮ್ಮಿಬ್ಬರ ಮುಖವನ್ನೂ ನೋಡಿ, ನಗು ಮರೆತು, ಹಲೋ ಎಂದಳು.

ಶಿವರಾಮ್‌ನ ದನಿಯಲ್ಲಿ ಬೆಳಗಿನ ನಗು ಇರಲಿಲ್ಲ. ಹಿಂದೆ ಗರಗಸದ ಸದ್ದೂ ಇರಲಿಲ್ಲ.

"ನೋಡಮ್ಮ, ಬೂದಿ ನನ್ನ ಹತ್ರ ತಗೊಂಡಿದ್ದು ಅಂತ ಯಾರು ಕೇಳಿದ್ರೂ ಬಾಯಿ ಬಿಡಬೇಡ. ಇರೋ ಡಬ್ಬಿ ಎಲ್ಲ ಮಣ್ಣಿಗೆ ಹಾಕು. ಈ ಮರದ ಧೂಳಿಗೇ ಮೂಗಲ್ಲಿ ಹುಣ್ಣಾಯ್ತು ಅಂತ ಗುರುಸಿದ್ದ ಗಲಾಟೆ ಮಾಡಿದಾಗ ಅವಂಗೂ ಇದನ್ನೇ ಹೇಳಿದ್ದೆ, ಸುಮ್ನಿರೋ ಅಂತ. ಅವನು ಕೇಳಲಿಲ್ಲ."